ನಿದ್ದೆಗೆ ಸಾಕ್ಷಿ ಹೇಳುವವರು

ಉಡುಪಿ ಜಿಲ್ಲೆಯ ಶಂಕರಪುರದ ಕಡೆ ಮಲ್ಲಿಗೆ ಬೆಳೆಯುವ ಮನೆಗಳಲ್ಲಿ ದಿನ ಶುರುವಾಗುವುದು ಬೆಳಕು ಹರಿಯುವ ಮುನ್ನ. ಮೊಗ್ಗು ಬಿರಿಯುವ ಮೊದಲೇ ಕೊಯ್ದು, ಬಾಳೆನಾರಿನಲ್ಲಿ ಚೆಂಡು ಕಟ್ಟಿ, ಹೂವಿನ ಗಾಡಿ ಬರುವಷ್ಟರಲ್ಲಿ ಸಿದ್ಧವಾಗಿಡಬೇಕು. ನಮ್ಮ ಮನೆಯ ಉಪ್ಪರಿಗೆಯ ಕಿಟಕಿಯಿಂದ ಪಕ್ಕದ ಹಿತ್ತಿಲು ಕಾಣುತ್ತದೆ. ಅಲ್ಲಿಯ ಹಿರಿಯಾಕೆ, ನಾವೆಲ್ಲ ಬಾಯಮ್ಮ ಎಂದೇ ಕರೆಯುವವರು, ನಾಲ್ಕೂವರೆಯ ಹೊತ್ತಿಗೆ ಟಾರ್ಚು ಹಿಡಿದು ಗಿಡಗಳ ನಡುವೆ ಇಳಿಯುತ್ತಾರೆ. ಸುಮಾರು ಎರಡು ವರ್ಷಗಳ ಕಾಲ ಎಷ್ಟೋ ದಿನ ಆ ಟಾರ್ಚಿನ ಬೆಳಕು ಕಂಡ ಮೇಲೆಯೇ ನನಗೆ ನಿದ್ದೆ ಹತ್ತುತ್ತಿತ್ತು.

ಅದರಿಂದ ಹೊರಬರಲು ನಾನು ಕೃತಕ ಬುದ್ಧಿಮತ್ತೆಯ ಸಹಾಯ ಕೇಳಿದೆ. ಅದು ಪ್ರಯೋಜನಕ್ಕೆ ಬಂತೇ ಎಂದು ಯಾರಾದರೂ ವಿಚಾರಿಸಿದರೆ ಹೌದು ಎನ್ನುತ್ತೇನೆ. ಆದರೆ ಹಗಲು ಹೊತ್ತಿನಲ್ಲಿ ಕೇಳಿದ್ದಕ್ಕೆ ಮಾತ್ರ ಎಂದು ಕೂಡಲೇ ಸೇರಿಸುತ್ತೇನೆ.

2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದಾಗ ನಾನು ಬೆಂಗಳೂರಿನಿಂದ ಊರಿಗೆ ಬಂದು ನಾಲ್ಕು ದಿನವಾಗಿತ್ತು. ಹದಿನೈದು ದಿನದ ಬಟ್ಟೆ ತಂದವನು ಇಲ್ಲಿಯೇ ಉಳಿದೆ. ಕಂಪನಿಯೂ ಮನೆಯಿಂದಲೇ ಕೆಲಸ ಮಾಡಿದರೆ ಸಾಕು ಎಂದಿತು. ಬೆಂಗಳೂರಿನಲ್ಲಿ ದಿನಕ್ಕೆ ಎರಡು ಗಂಟೆ ಬಸ್ಸಿನಲ್ಲಿ ನಿಂತು ಶಪಿಸುತ್ತಿದ್ದ ನನಗೆ, ಕೆಲಸಕ್ಕೂ ಮನೆಗೂ ನಡುವೆ ಆ ಬಸ್ಸೇ ಒಂದು ಗೋಡೆಯಾಗಿ ನಿಂತಿತ್ತೆಂಬುದು ಗೊತ್ತಾದದ್ದು ಆ ಗೋಡೆ ಬಿದ್ದ ಮೇಲೆ. ಉಪ್ಪರಿಗೆಯ ಕೋಣೆಯಲ್ಲಿ ಮಂಚಕ್ಕೂ ಮೇಜಿಗೂ ನಾಲ್ಕು ಅಡಿಯ ದೂರ. ಮಳೆಗಾಲದ ಥಂಡಿಯಲ್ಲಿ ಆ ನಾಲ್ಕು ಅಡಿಯೂ ಹೆಚ್ಚೆನಿಸಿ ಲ್ಯಾಪ್‌ಟಾಪು ಮಂಚಕ್ಕೇ ಬಂತು. ನಮ್ಮ ತಂಡದ ಗ್ರಾಹಕರು ಅಮೆರಿಕದ ಪೂರ್ವ ತೀರದವರು. ಅವರ ಮಧ್ಯಾಹ್ನ ಹನ್ನೆರಡು ನಮಗೆ ರಾತ್ರಿ ಒಂಬತ್ತೂವರೆ. ನವೆಂಬರ್ ತಿಂಗಳ ಮೊದಲ ಆದಿತ್ಯವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದರೆಂದರೆ ಅದೇ ಮೀಟಿಂಗು ಇಲ್ಲಿ ಹತ್ತೂವರೆಗೆ ಹೋಗುತ್ತದೆ, ಮಾರ್ಚ್‌ನ ಎರಡನೇ ಆದಿತ್ಯವಾರದ ತನಕ ಅಲ್ಲಿಯೇ ನಿಲ್ಲುತ್ತದೆ. ಎಲ್ಲಿಯೋ ಯಾರೋ ಗಡಿಯಾರ ತಿರುಗಿಸಿದ್ದಕ್ಕೆ ನಮ್ಮ ಮನೆಯ ಊಟದ ಹೊತ್ತು ಬದಲಾಗುವುದನ್ನು ಅಮ್ಮನಿಗೆ ಅರ್ಥ ಮಾಡಿಸಲು ನನ್ನಿಂದ ಇಂದಿಗೂ ಆಗಿಲ್ಲ.

ಒಂದು ಜುಲೈ ತಿಂಗಳ ಮಧ್ಯಾಹ್ನ, ಕೆಲಸಕ್ಕೆಂದು ಬಳಸುತ್ತಿದ್ದ ಚಾಟ್‌ಬಾಟ್‌ಗೆ ನನ್ನ ನಿದ್ದೆಯ ಕಥೆ ಹೇಳಿ ಪರಿಹಾರ ಕೇಳಿದೆ. ಮೊದಲು ಬಂದ ಉತ್ತರ ಶಾಲೆಯ ನೋಟಿಸ್ ಬೋರ್ಡಿನಂತಿತ್ತು. ಕೋಣೆಯ ಉಷ್ಣತೆಯನ್ನು 18 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟುಕೊಳ್ಳಿ, ಬೆಳಿಗ್ಗೆ ಬಿಸಿಲಿನಲ್ಲಿ ಅರ್ಧ ಗಂಟೆ ನಡೆಯಿರಿ ಎಂದೆಲ್ಲ ಇತ್ತು. ಮೇ ತಿಂಗಳಲ್ಲಿ ನಡುರಾತ್ರಿಯ ಸೆಕೆಗೆ ಫ್ಯಾನೂ ಸೋಲುವ, ಜುಲೈಯಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣದ ಊರು ಇದು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಇದನ್ನೆಲ್ಲ ಬರೆದು ತಿಳಿಸಿದಾಗ ಅದು ಕ್ಷಮೆ ಕೇಳಿ (ಕ್ಷಮೆ ಕೇಳುವುದರಲ್ಲಿ ಅದನ್ನು ಮೀರಿಸುವವರಿಲ್ಲ) ಕೊಟ್ಟ ಎರಡನೇ ಉತ್ತರ ಉಪಯೋಗಕ್ಕೆ ಬರುವಂತಿತ್ತು. ಮೋಡ ಮುಸುಕಿದ್ದರೂ ಹೊರಗಿನ ಬೆಳಕು ಸಾವಿರ ಲಕ್ಸ್ ಅಳತೆಗಿಂತ ಹೆಚ್ಚಿರುತ್ತದೆ, ಮನೆಯೊಳಗಿನ ದೀಪದ ಬೆಳಕು ಕೆಲವು ನೂರು ಲಕ್ಸ್ ದಾಟುವುದೇ ಅಪರೂಪ. ಆದ್ದರಿಂದ ಬಿಸಿಲಿಲ್ಲದಿದ್ದರೆ ಮಾಡಿನ ಕೆಳಗೆ ಹೊರಗೆ ಕುಳಿತರೂ ಸಾಕು ಎಂದಿತು. ಅಂದಿನಿಂದ ಬೆಳಗ್ಗಿನ ಕಾಫಿ ಜಗಲಿಗೆ ಬಂತು. ಹಂಚಿನ ತುದಿಯಿಂದ ಇಳಿಯುವ ನೀರನ್ನು ನೋಡುತ್ತ ಕುಳಿತುಕೊಳ್ಳುವುದೂ ಒಂದು ಚಿಕಿತ್ಸೆಯೆಂದು ತಿಳಿಯಲು ನನಗೆ ನಲವತ್ತು ವರ್ಷ ಬೇಕಾಯಿತು.

ಬಿಸಿನೀರಿನ ಸ್ನಾನದ ವಿಷಯ ಬಂದದ್ದೂ ಆಗಲೇ. ಮಲಗುವ ಒಂದೆರಡು ಗಂಟೆ ಮೊದಲು ಬಿಸಿನೀರಿನ ಸ್ನಾನ ಮಾಡಿದರೆ ಕೈಕಾಲುಗಳ ಚರ್ಮದಲ್ಲಿ ರಕ್ತ ಸಂಚಾರ ಹೆಚ್ಚಿ ಒಡಲಿನ ಬಿಸಿ ಹೊರಕ್ಕೆ ಹೋಗುತ್ತದೆ, ಒಳಗಿನ ಉಷ್ಣತೆ ಇಳಿದಾಗ ನಿದ್ದೆ ಬೇಗ ಹತ್ತುತ್ತದೆ. ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ 2019ರ ಒಂದು ವಿಶ್ಲೇಷಣೆಯಲ್ಲಿ ಈ ಲಾಭ ಸರಾಸರಿ 10 ನಿಮಿಷದಷ್ಟಿತ್ತು. ನಾನು ಇದನ್ನು ಹೊಸ ಸುದ್ದಿಯೆಂಬಂತೆ ಅಮ್ಮನಿಗೆ ಹೇಳಿದೆ. ಗೆರಟೆ, ಮಡಲು ಹಾಕಿ ಬಚ್ಚಲ ಹಂಡೆ ಕಾಯಿಸಿ, ಸಂಜೆಯ ಸ್ನಾನ ಮಾಡದೆ ಯಾರನ್ನೂ ಊಟಕ್ಕೆ ಕೂರಿಸದಿದ್ದ ಮನೆಯಲ್ಲಿ ಬೆಳೆದವರು ಅವರು. “ಇದನ್ನು ಹೇಳ್ಲಿಕ್ಕೆ ಅದಕ್ಕೆ ತಿಂಗಳಿಗೆ ಎಷ್ಟು ಕೊಡ್ತಿ ಮಗಾ?” ಎಂದು ಕೇಳಿ ಒಳಗೆ ಹೋದರು.

ಇಷ್ಟು ತಿಳಿವಳಿಕೆಗೆ ಯಂತ್ರವೇ ಬೇಕೆಂದಿಲ್ಲ. ಅದರ ನಿಜವಾದ ಉಪಯೋಗ ಕಂಡದ್ದು ಲೆಕ್ಕ ಬರೆಯುವುದರಲ್ಲಿ. ಬೆಳಿಗ್ಗೆ ಎದ್ದ ಕೂಡಲೇ ಎರಡು ಮಾತಿನಲ್ಲಿ, ಎಷ್ಟಕ್ಕೆ ಮಲಗಿದೆ, ಅಂದಾಜು ಎಷ್ಟಕ್ಕೆ ನಿದ್ದೆ ಬಂತು, ನಡುವೆ ಎಷ್ಟು ಸಲ ಎಚ್ಚರವಾಯಿತು, ಎಷ್ಟಕ್ಕೆ ಎದ್ದೆ, ಹಿಂದಿನ ದಿನ ಕಾಫಿ ಯಾವ ಯಾವ ಹೊತ್ತಿಗೆ ಕುಡಿದೆ ಎಂದು ಫೋನಿಗೆ ಹೇಳಿಬಿಡುತ್ತಿದ್ದೆ. ಅದು ಅದನ್ನು ಅಚ್ಚುಕಟ್ಟಾದ ಕೋಷ್ಟಕಕ್ಕೆ ಏರಿಸುತ್ತಿತ್ತು. ಡೈರಿ ಬರೆಯಲು ಮೂರು ಸಲ ಹೊರಟು ಮೂರು ಸಲವೂ ಐದನೇ ದಿನಕ್ಕೆ ಕೈಬಿಟ್ಟವನು ನಾನು. ಹೀಗೆ ಬಾಯಿಮಾತಿನಲ್ಲಿ ಹೇಳುವುದಾದ್ದರಿಂದ ಹದಿನಾಲ್ಕು ದಿನ ತಪ್ಪದೆ ನಡೆಯಿತು. ಆದರೆ ವಾರದ ಕೊನೆಯಲ್ಲಿ ಅದು ಕೊಟ್ಟ ಸರಾಸರಿ ನೋಡಿದರೆ ಒಂದು ರಾತ್ರಿ ನಾನು ಇಪ್ಪತ್ತು ಗಂಟೆ ಮಲಗಿದ್ದೆ! ‘ರಾತ್ರಿ 12.40’ ಎಂದು ನಾನು ಹೇಳಿದ್ದನ್ನು ಅದು ಮಧ್ಯಾಹ್ನದ 12.40 ಎಂದು ತಿಳಿದಿತ್ತು. ರೈಲ್ವೆಯವರಂತೆ 00.40 ಎಂದು ಹೇಳಲು ಕಲಿತ ಮೇಲೆ ಆ ತೊಂದರೆ ತಪ್ಪಿತು, ಆದರೂ ವಾರಕ್ಕೊಮ್ಮೆ ಕಾಗದದ ಮೇಲೆ ನಾನೇ ಕೂಡಿ ಕಳೆದು ನೋಡುವ ಅಭ್ಯಾಸ ಅಂದಿನಿಂದ ಉಳಿದುಕೊಂಡಿತು.

ಹದಿನಾಲ್ಕು ದಿನಗಳ ಲೆಕ್ಕದಲ್ಲಿ ನಾನು ಹಾಸಿಗೆಯಲ್ಲಿ ಕಳೆದದ್ದು ದಿನಕ್ಕೆ ಸರಾಸರಿ 500 ನಿಮಿಷ, ಅದರಲ್ಲಿ ನಿದ್ದೆ 340 ನಿಮಿಷ. ನೂರಕ್ಕೆ 68. ನಿದ್ರಾ ವೈದ್ಯರು ಇದನ್ನು ನಿದ್ದೆಯ ದಕ್ಷತೆ ಎನ್ನುತ್ತಾರೆ, ನೂರಕ್ಕೆ 85ರ ಮೇಲಿದ್ದರೆ ಸಾಮಾನ್ಯವಾಗಿ ತೃಪ್ತಿಪಡುತ್ತಾರೆ. ಹಾಸಿಗೆಯಲ್ಲಿ ಹೆಚ್ಚು ಹೊತ್ತು ಬಿದ್ದುಕೊಂಡರೆ ಹೆಚ್ಚು ನಿದ್ದೆ ಸಿಗುತ್ತದೆಂದು ನಾನು ಅಷ್ಟರ ತನಕ ನಂಬಿದ್ದೆ. ಸಂಜೆ ಐದೂವರೆಯ ಕಾಫಿಯ ಕಥೆಯೂ ಅದೇ ಕೋಷ್ಟಕದಲ್ಲಿ ಹೊರಗೆ ಬಂತು. ಎಚ್ಚರವಿದ್ದಷ್ಟು ಹೊತ್ತು ಮಿದುಳಿನಲ್ಲಿ ಅಡಿನೊಸಿನ್ ಎಂಬ ರಾಸಾಯನಿಕ ಜಮೆಯಾಗುತ್ತ ನಿದ್ದೆಯ ಒತ್ತಡವನ್ನು ಏರಿಸುತ್ತದೆ. ಕೆಫೀನ್ ಅದು ಕೂರಬೇಕಾದ ಜಾಗದಲ್ಲಿ ತಾನು ಕುಳಿತು ದಾರಿ ಅಡ್ಡಗಟ್ಟುತ್ತದೆ. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಹೆಚ್ಚಿನವರಿಗೆ ಐದು ಗಂಟೆಯಷ್ಟು ಬೇಕು. ಅಂದರೆ ಐದೂವರೆಯ ಲೋಟದಲ್ಲಿ ಅರ್ಧ ಹತ್ತೂವರೆಗೂ, ಕಾಲುಭಾಗ ನಸುಕಿನ ಮೂರೂವರೆಗೂ ನನ್ನೊಳಗೇ ಇತ್ತು. ಕಾಫಿ ಕುಡಿದರೂ ನನಗೆ ನಿದ್ದೆ ಬರುತ್ತದೆ ಎಂದು ಜಂಬ ಕೊಚ್ಚುವ ಉಡುಪಿಯವರ ಪೈಕಿ ನಾನೂ ಒಬ್ಬನಾಗಿದ್ದುದರಿಂದ ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ದಿನ ಬೇಕಾಯಿತು.

ಈ ಒತ್ತಡ ಅರ್ಧ ಕಥೆ ಮಾತ್ರ. ಇನ್ನರ್ಧ ದೇಹದೊಳಗಿನ ಗಡಿಯಾರದ್ದು; ಇವೆರಡೂ ಸೇರಿ ನಿದ್ದೆಯನ್ನು ಆಳುತ್ತವೆಂಬ ವಿವರಣೆಯನ್ನು ಅಲೆಕ್ಸಾಂಡರ್ ಬೋರ್ಬೆಲಿ ಎಂಬ ವಿಜ್ಞಾನಿ 1982ರಲ್ಲಿ ಮುಂದಿಟ್ಟರು. ಒಳಗಡಿಯಾರದ ಮೊದಲ ಸುಳಿವು ಸಿಕ್ಕಿದ್ದು ನಮ್ಮ ಅಂಗಳದಲ್ಲಿ ಕಾಲಿಗೆ ಚುಚ್ಚುವ ನಾಚಿಕೆಮುಳ್ಳಿನ ಜಾತಿಯ ಗಿಡದಿಂದ. ಹಗಲು ಬಿಚ್ಚಿ ರಾತ್ರಿ ಮಡಚುವ ಆ ಎಲೆಗಳು ಕತ್ತಲ ಜಾಗದಲ್ಲಿಟ್ಟರೂ ಹೊತ್ತಿಗೆ ಸರಿಯಾಗಿ ಬಿಚ್ಚಿ ಮಡಚುವುದನ್ನು ಫ್ರಾನ್ಸಿನ ಡಿ ಮೈರಾನ್ 1729ರಲ್ಲಿ ಗುರುತಿಸಿದ್ದರು. ನಮ್ಮೊಳಗಿನ ಗಡಿಯಾರವನ್ನು ದಿನದಿನ ಸರಿಹೊಂದಿಸುವುದು ಕಣ್ಣಿಗೆ ಬೀಳುವ ಬೆಳಕು. ಇಲ್ಲಿ ಕರಾವಳಿಯವರು ಗಮನಿಸಬೇಕಾದ ಒಂದು ಮಾತಿದೆ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ. ಉಡುಪಿ ಇರುವುದು 75 ಡಿಗ್ರಿಗೂ ಸ್ವಲ್ಪ ಈಚೆಗೆ. ಸೂರ್ಯ ಒಂದು ಡಿಗ್ರಿ ದಾಟಲು ನಾಲ್ಕು ನಿಮಿಷವಾದ್ದರಿಂದ ನಮ್ಮ ಸೂರ್ಯ ನಮ್ಮ ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದೆ. ಐದಕ್ಕೇ ಏಳಬೇಕೆಂದು ಎಲ್ಲರಿಗೂ ಬುದ್ಧಿ ಹೇಳುವವರು ಈ ಅರ್ಧ ಗಂಟೆಯನ್ನು ಲೆಕ್ಕಕ್ಕೆ ಹಿಡಿದದ್ದನ್ನು ನಾನು ಕಂಡಿಲ್ಲ. ಬಾಯಮ್ಮ ಏಳುವುದು ಮಲ್ಲಿಗೆಯ ಗಡಿಯಾರಕ್ಕೆ, ಆ ಮಾತು ಬೇರೆ.

ಇಷ್ಟೆಲ್ಲ ಹಗಲಿನ ವ್ಯವಹಾರ. ರಾತ್ರಿಯದು ಬೇರೆಯೇ ಕಥೆ.

ಎರಡನೇ ವಾರದ ಒಂದು ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಕೈ ತನ್ನಷ್ಟಕ್ಕೆ ಫೋನಿಗೆ ಹೋಯಿತು. ನಡುರಾತ್ರಿ ಹೀಗೆ ಎಚ್ಚರವಾಗುವುದು ರೋಗವೇ ಎಂದು ಕೇಳಿದೆ. ಗಾಬರಿ ಬೇಡ ಎಂದು ಆರಂಭಿಸಿದ ಅದು, ರೋಜರ್ ಎಕಿರ್ಚ್ ಎಂಬ ಇತಿಹಾಸಕಾರರು ಯುರೋಪಿನ ಹಳೆಯ ದಾಖಲೆಗಳಲ್ಲಿ ‘ಮೊದಲ ನಿದ್ದೆ’, ‘ಎರಡನೇ ನಿದ್ದೆ’ ಎಂಬ ಮಾತುಗಳನ್ನು ಹುಡುಕಿ ತೆಗೆದುದನ್ನೂ, ಕೈಗಾರಿಕೆಗಳು ಬರುವ ಮುಂಚೆ ಎಷ್ಟೋ ಜನ ರಾತ್ರಿಯ ನಡುವೆ ಎದ್ದು ಮಾತುಕತೆ, ಪ್ರಾರ್ಥನೆ ಮುಗಿಸಿ ಮತ್ತೆ ಮಲಗುತ್ತಿದ್ದರೆಂಬುದನ್ನೂ ಬಹಳ ಸೊಗಸಾಗಿ ವಿವರಿಸಿತು. ಕೊನೆಯಲ್ಲಿ, ನಮ್ಮ ದೇಶದಲ್ಲಿ ಹೇಗಿತ್ತೆಂದು ತಿಳಿಸಲೇ ಎಂದು ಕೇಳಿತು. ತಿಳಿಸು ಎಂದೆ. ತಿಳಿಸಿತು, ಅದರ ಕೊನೆಯಲ್ಲಿಯೂ ಒಂದು ಪ್ರಶ್ನೆ ಇತ್ತು. ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಬೆಕ್ಕುಗಳ ನಿದ್ದೆಯ ಬಗ್ಗೆ ಓದುತ್ತಿದ್ದೆ. ಪರದೆಯ ಬೆಳಕು ನಿದ್ದೆ ಕೆಡಿಸುತ್ತದೆಂದು ಎಲ್ಲರೂ ಹೇಳುತ್ತಾರೆ, ಆದರೆ ಅಂದು ನನ್ನ ನಿದ್ದೆ ಕೆಡಿಸಿದ್ದು ಬೆಳಕಿಗಿಂತ ಹೆಚ್ಚಾಗಿ ಆ ಸಂಭಾಷಣೆ. ಅದು ಎಲ್ಲದಕ್ಕೂ ಹೂಂಗುಟ್ಟುತ್ತಿತ್ತು, ಆಕಳಿಸುತ್ತಿರಲಿಲ್ಲ. ಮನುಷ್ಯನಾಗಿದ್ದರೆ ಎರಡನೇ ಪ್ರಶ್ನೆಗೇ “ಮಲಗು ಮಾರಾಯ, ನಾಳೆ ಮಾತಾಡುವ” ಎಂದು ಬೆನ್ನು ತಿರುಗಿಸುತ್ತಿದ್ದ.

ರಾತ್ರಿ ಎಚ್ಚರವಿರುವುದು ನಮ್ಮ ಜಿಲ್ಲೆಗೆ ಹೊಸತೇನಲ್ಲ. ದೀಪಾವಳಿಯ ಬಳಿಕ ಯಕ್ಷಗಾನ ಮೇಳಗಳು ಹೊರಟರೆ ಮೇ ತಿಂಗಳ ಕೊನೆಯ ಭಾಗದ ಪತ್ತನಾಜೆಗೆ, ಅಂದರೆ ಆಟದ ತಿರುಗಾಟ ಮುಗಿಯುವ ದಿನಕ್ಕೆ, ಗೆಜ್ಜೆ ಬಿಚ್ಚುವ ತನಕ ಗದ್ದೆಗದ್ದೆಯಲ್ಲಿ ಬೆಳಗಿನವರೆಗೆ ಬಯಲಾಟ ನೋಡಿದ ಊರು ಇದು. ಚಿಕ್ಕಂದಿನಲ್ಲಿ ಚಾಪೆ ಕಟ್ಟಿಕೊಂಡು ಅಜ್ಜನ ಜೊತೆ ಹೋಗುತ್ತಿದ್ದೆ. ನಡುವೆ ಎರಡು ಸಲ ನಿದ್ದೆ, ಬಣ್ಣದ ವೇಷ ಅಬ್ಬರಿಸಿ ಬಂದಾಗ ಎಚ್ಚರ, ಪುನಃ ನಿದ್ದೆ. ಈಗ ಬಹಳಷ್ಟು ಆಟಗಳು ಕಾಲಮಿತಿಗೆ ಬಂದಿವೆ, ಅದರ ಸರಿತಪ್ಪು ಇಲ್ಲಿ ಬೇಡ. ಇಡೀ ರಾತ್ರಿಯ ಆಟವಾದರೂ ಬೆಳಗಾಗುವಾಗ ಭಾಗವತರು ಮಂಗಳ ಹಾಡುತ್ತಿದ್ದರು, ಜನ ಚಾಪೆ ಕೊಡವಿ ಎದ್ದು ಮನೆಗೆ ಹೋಗುತ್ತಿದ್ದರು ಎಂಬುದು ಆ ಮೂರೂ ಇಪ್ಪತ್ತರ ಹೊತ್ತಿನಲ್ಲಿ ನೆನಪಾಯಿತು. ಮನೆಯಿಂದ ಮಾಡುವ ಕೆಲಸಕ್ಕೂ ಈ ಯಂತ್ರದ ಮಾತಿಗೂ ಮಂಗಳವೇ ಇಲ್ಲ. ಮರುದಿನದಿಂದ ಫೋನನ್ನು ರಾತ್ರಿ ಹತ್ತರ ನಂತರ ಕೆಳಗೆ ಚಾವಡಿಯ ಕಪಾಟಿನಲ್ಲಿಟ್ಟೆ, ಎಚ್ಚರಿಸಲು ಬೆಲ್ಲಿನ ಹಳೆಯ ಗಡಿಯಾರ ತಂದೆ. ನಿದ್ದೆಯ ಬಗ್ಗೆ ಯಂತ್ರದೊಡನೆ ಮಾತೇನಿದ್ದರೂ ಮಧ್ಯಾಹ್ನದ ಊಟದ ಬಳಿಕ. ನಡುರಾತ್ರಿ ಮನಸ್ಸು ತೀರ ಭಾರವಾಗಿ ಯಾರೊಡನಾದರೂ ಮಾತನಾಡಲೇಬೇಕೆನಿಸುವವರಿಗೆ ಸರಕಾರದ ಟೆಲಿ ಮನಸ್ ಸಹಾಯವಾಣಿ 14416 ಇದೆ, ಉಚಿತ, ಕನ್ನಡದಲ್ಲಿಯೂ ಮಾತನಾಡುತ್ತಾರೆ. ಅಲ್ಲಿ ಕೇಳಿಸಿಕೊಳ್ಳುವುದು ಮನುಷ್ಯರು.

ಕೈಗಡಿಯಾರದ ವಿಷಯ ಬೇಗ ಮುಗಿಸುತ್ತೇನೆ. ಹಬ್ಬದ ರಿಯಾಯಿತಿಯಲ್ಲಿ ಕೊಂಡ ಸ್ಮಾರ್ಟ್‌ವಾಚು ದಿನವೂ ಗಾಢನಿದ್ದೆ ಇಷ್ಟು ನಿಮಿಷ ಎಂದು ಅಂಕ ಕೊಡುತ್ತಿತ್ತು, ಅಂಕ ಕಡಿಮೆಯಾದ ದಿನ ಲವಲವಿಕೆಯಿಂದ ಎದ್ದವನಿಗೂ ಸುಸ್ತಾಗುತ್ತಿತ್ತು. ಇಂಥ ಯಂತ್ರಗಳು ಕೈಯ ಅಲುಗಾಟ ಮತ್ತು ನಾಡಿಮಿಡಿತದಿಂದ ಊಹಿಸುತ್ತವೆಯೇ ಹೊರತು ಮಿದುಳಿನ ಅಲೆಗಳನ್ನು ನೋಡುವುದಿಲ್ಲ. ಅಲುಗಾಡದೆ ಚಿಂತಿಸುತ್ತ ಮಲಗಿದರೆ ಅದನ್ನೂ ನಿದ್ದೆಯೆಂದು ಬರೆದುಕೊಳ್ಳಬಹುದು. ನಿದ್ದೆಯ ಅಂಕದ ಹಿಂದೆ ಬಿದ್ದು ನಿದ್ದೆ ಕಳೆದುಕೊಳ್ಳುವವರ ಪಾಡಿಗೆ ಸಂಶೋಧಕರು 2017ರಲ್ಲಿ ಆರ್ಥೋಸೋಮ್ನಿಯಾ ಎಂಬ ಹೆಸರನ್ನೇ ಇಟ್ಟಿದ್ದಾರೆ. ಆ ವಾಚು ಈಗ ಅಕ್ಕನ ಮಗನ ಕೈಯಲ್ಲಿ ಹೆಜ್ಜೆ ಎಣಿಸುತ್ತಿದೆ.

ಮಣಿಪಾಲದಲ್ಲಿ ಒಬ್ಬ ವೈದ್ಯರನ್ನು ಕಂಡದ್ದು ಚಾಟ್‌ಬಾಟ್ ಹೇಳಿದ್ದಕ್ಕೇ ಎಂಬುದನ್ನು ಒಪ್ಪಿಕೊಳ್ಳಬೇಕು. ಮೂರು ತಿಂಗಳಿಗಿಂತ ಹೆಚ್ಚು ಕಾಲದಿಂದ ಹೀಗಿದ್ದರೆ ವೈದ್ಯರಿಗೆ ತೋರಿಸಿ ಎಂದು ಅದು ಎರಡು ಸಲ ಬರೆದಿತ್ತು. ಕೋಷ್ಟಕವನ್ನು ಪ್ರಿಂಟು ತೆಗೆದುಕೊಂಡು ಹೋದೆ. ವೈದ್ಯರು ಅದನ್ನು ಮೆಚ್ಚಿಕೊಂಡೇ ನೋಡಿ, ಬಳಿಕ ಯಂತ್ರ ನನ್ನನ್ನು ಕೇಳದೇ ಇದ್ದ ಒಂದು ಪ್ರಶ್ನೆ ಕೇಳಿದರು: “ಮನೆಯವರು ಎಂತ ಹೇಳ್ತಾರೆ? ಗೊರಕೆ ಉಂಟಾ? ಉಸಿರು ನಡುವೆ ನಿಂತ ಹಾಗೆ ಆಗ್ತದಾ?” ನಾನು ಬಾಯಿ ತೆರೆದು ಸುಮ್ಮನಾದೆ. ಹದಿನಾಲ್ಕು ದಿನಗಳ ಆ ಲೆಕ್ಕವೆಲ್ಲ ನಾನೊಬ್ಬನೇ ಹೇಳಿದ್ದು. ನಿದ್ದೆ ಹೋದವನು ತನ್ನ ನಿದ್ದೆಯ ಬಗ್ಗೆ ಏನು ಸಾಕ್ಷಿ ಹೇಳಿಯಾನು? ಮನೆಗೆ ಬಂದು ಹೆಂಡತಿಯನ್ನು ಕೇಳಿದರೆ, “ಹೇಳ್ಲಿಕ್ಕೆ ನಾನು ಮೇಲೆ ಮಲಗಿ ಎರಡು ವರ್ಷ ಆಯ್ತಲ್ಲ” ಎಂದಳು. ಹೌದು, ನನ್ನ ರಾತ್ರಿಯ ಕರೆಗಳ ಗಲಾಟೆಗೆ ಅವಳೂ ಮಗಳೂ ಕೆಳಗಿನ ಕೋಣೆಗೆ ಹೋಗಿದ್ದರು. ಅದು ಯಾವ ತಿಂಗಳೆಂದು ನೆನಪಿಸಿಕೊಳ್ಳಲು ನೋಡಿದೆ, ನೆನಪಾಗಲಿಲ್ಲ. ನಾನು ಯಂತ್ರಕ್ಕೆ ಕೊಟ್ಟ ವಿವರಗಳಲ್ಲಿ ಕಾಫಿಯ ಲೋಟಗಳಿದ್ದವು, ಇದು ಇರಲಿಲ್ಲ.

ಮೂರು ರಾತ್ರಿ ಅವಳು ಮೇಲೆ ಮಲಗಿ ಗಮನಿಸಿದಳು. ಅಂಗಾತ ಮಲಗಿದಾಗ ಮಾತ್ರ ಗೊರಕೆ, ಉಸಿರು ನಿಲ್ಲುವುದಿಲ್ಲ. ಅದನ್ನು ಕೇಳಿದ ವೈದ್ಯರು ರಾತ್ರಿಯಿಡೀ ಮಾಡುವ ನಿದ್ರಾ ಪರೀಕ್ಷೆ ಸದ್ಯಕ್ಕೆ ಬೇಡವೆಂದರು, ಗುಳಿಗೆಯನ್ನೂ ಬರೆಯಲಿಲ್ಲ. ದೀರ್ಘಕಾಲದ ನಿದ್ರಾಹೀನತೆಗೆ ಔಷಧಕ್ಕಿಂತ ಮೊದಲು ವರ್ತನೆಯನ್ನು ತಿದ್ದುವ ಚಿಕಿತ್ಸೆ ಕೊಡಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿಯೇ ಶಿಫಾರಸು ಮಾಡಿದೆ; ಅದರ ಎರಡು ಮುಖ್ಯ ಭಾಗಗಳನ್ನು ಅವರು ನನಗೆ ಹೇಳಿಕೊಟ್ಟರು. ಒಂದು, ಮನೋವಿಜ್ಞಾನಿ ರಿಚರ್ಡ್ ಬೂಟ್ಜಿನ್ 1972ರಲ್ಲಿ ವಿವರಿಸಿದ್ದು: ಹಾಸಿಗೆಯಲ್ಲಿ ಕೆಲಸ ಮಾಡಬಾರದು, ಸುಮಾರು ಇಪ್ಪತ್ತು ನಿಮಿಷದೊಳಗೆ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕಡೆ ಕೂತು, ಕಣ್ಣು ಎಳೆದಾಗ ಮಾತ್ರ ಮರಳಬೇಕು. ಇನ್ನೊಂದು, ಆರ್ಥರ್ ಸ್ಪೀಲ್‌ಮನ್ 1987ರಲ್ಲಿ ವಿವರಿಸಿದ್ದು: ಹಾಸಿಗೆಯ ಹೊತ್ತನ್ನು ನಿಜವಾಗಿ ನಿದ್ದೆ ಬರುವಷ್ಟು ಹೊತ್ತಿಗೆ ಇಳಿಸಿ, ದಕ್ಷತೆ ಏರಿದಂತೆ ಹದಿನೈದು ಹದಿನೈದು ನಿಮಿಷ ಸೇರಿಸುತ್ತ ಹೋಗುವುದು. ಎರಡನೆಯದನ್ನು ಚಾಟ್‌ಬಾಟ್ ಕೂಡ ಸೂಚಿಸಿತ್ತು. ಆದರೆ ಮೂರ್ಛೆರೋಗ, ಬೈಪೋಲಾರ್ ಎಂಬ ಮಾನಸಿಕ ತೊಂದರೆ ಇರುವವರು ಇದನ್ನು ತಾವೇ ಮಾಡಿಕೊಳ್ಳಬಾರದೆಂದು, ಮೊದಲ ವಾರಗಳಲ್ಲಿ ತೂಕಡಿಕೆ ಹೆಚ್ಚಾದ್ದರಿಂದ ಬೈಕು ಬಿಡುವಾಗ ಜಾಗ್ರತೆಯೆಂದು ಒತ್ತಿ ಹೇಳಿದ್ದು ವೈದ್ಯರು.

ಮೇಜು ಕೆಳಗೆ ಚಾವಡಿಗೆ ಬಂತು. ನನಗೆ ಸಿಕ್ಕಿದ ಹೊತ್ತು ರಾತ್ರಿ 12.15ರಿಂದ ಬೆಳಿಗ್ಗೆ 6.15. ಮೊದಲ ಹತ್ತು ದಿನ ಮಧ್ಯಾಹ್ನದ ಗಂಜಿಯ ಬಟ್ಟಲಿನ ಮುಂದೆಯೇ ಜೊಂಪು ಹತ್ತುತ್ತಿತ್ತು. ಆ ದಿನಗಳಲ್ಲಿ ಮನೆಯವರ ಮೇಲೆ ಹರಿಹಾಯ್ದದ್ದಕ್ಕೆ ಲೆಕ್ಕವಿಲ್ಲ. ಐದನೇ ವಾರದ ಸರಾಸರಿ ನೂರಕ್ಕೆ 86 ಬಂತು, ಕೂಡಿ ನೋಡಿದ್ದು ಕಾಗದದ ಮೇಲೆ, ನಾನೇ.

ಉಳಿದದ್ದು ಮೀಟಿಂಗು. ಅದನ್ನು ಗ್ರಾಹಕರ ಬೆಳಗ್ಗಿನ ಒಂಬತ್ತೂವರೆಗೆ, ಅಂದರೆ ನಮ್ಮ ಸಂಜೆ ಏಳಕ್ಕೆ, ಚಳಿಗಾಲದಲ್ಲಿ ಎಂಟಕ್ಕೆ ತರಬಹುದೇ ಎಂದು ಮ್ಯಾನೇಜರರಿಗೆ ಪತ್ರ ಬರೆಯಲು ಯಂತ್ರಕ್ಕೆ ಹೇಳಿದೆ. ಅದು ಬರೆದ ಪತ್ರದಲ್ಲಿ ನಮ್ರತೆ ಎಷ್ಟು ತುಂಬಿತ್ತೆಂದರೆ ಕೇಳಿದ್ದು ಏನೆಂದು ಮೂರನೇ ಪ್ಯಾರಾದ ತನಕ ಗೊತ್ತಾಗುತ್ತಿರಲಿಲ್ಲ. ನಾನೇ ನಾಲ್ಕು ಸಾಲು ಬರೆದೆ. ಒಂದೇ ದಿನದಲ್ಲಿ ಒಪ್ಪಿಗೆ ಬಂತು. ಎರಡು ವರ್ಷ ಯಾರೂ ಕೇಳಿರಲಿಲ್ಲ, ಅಷ್ಟೆ. ಇದು ಹೊಟ್ಟೆ ಉರಿಸುವ ಸಂಗತಿ.

ಒಂದು ಎಚ್ಚರಿಕೆ ನಾನು ತಡವಾಗಿ ವಹಿಸಿದೆ. ಯಾವ ಹೊತ್ತಿಗೆ ಮಲಗುತ್ತೇನೆ, ಯಾವ ಹೊತ್ತಿಗೆ ಏನು ಚಿಂತಿಸುತ್ತೇನೆ ಎಂಬುದನ್ನೆಲ್ಲ ಯಾವುದೋ ದೂರದ ಸರ್ವರಿನಲ್ಲಿ ಬರೆಸಿಟ್ಟಿದ್ದೇನೆಂದು ತಟ್ಟನೆ ಹೊಳೆದಾಗ ಹಳೆಯ ಮಾತುಕತೆಗಳನ್ನು ಅಳಿಸಿದೆ, ನನ್ನ ಮಾತನ್ನು ತರಬೇತಿಗೆ ಬಳಸದಂತೆ ತಡೆಯುವ ಸೆಟ್ಟಿಂಗನ್ನು ಹುಡುಕಿ ಒತ್ತಿದೆ. ಈಗ ಹೆಸರು, ಊರು, ಕಂಪನಿ ಯಾವುದನ್ನೂ ಅದಕ್ಕೆ ಹೇಳುವುದಿಲ್ಲ, ಬರೇ ಅಂಕಿಗಳನ್ನು ಕೊಡುತ್ತೇನೆ.

ಕೋಷ್ಟಕ ಈಗಲೂ ನಡೆಯುತ್ತಿದೆ, ವಾರಕ್ಕೆ ಎರಡು ದಿನ ಮಾತ್ರ. ಅದಕ್ಕೆ ನಾನೊಂದು ಕಾಲಂ ಹೆಚ್ಚಿಗೆ ಸೇರಿಸಿದ್ದೇನೆ, ತಲೆಬರಹ ‘ಸಾಕ್ಷಿ’. ಅಲ್ಲಿ ನಾನು ಹೇಳಿದ್ದನ್ನು ಬರೆಯುವ ಹಾಗಿಲ್ಲ. ಹೆಚ್ಚಾಗಿ ಹೆಂಡತಿಯ ಮಾತೇ ಇರುತ್ತದೆ, ಒಮ್ಮೊಮ್ಮೆ ಮಗಳದು. ಮೊನ್ನೆ ಬೆಳಿಗ್ಗೆ ಜಗಲಿಯಲ್ಲಿ ಕುಳಿತಿದ್ದಾಗ ಬಾಯಮ್ಮ ಹೂವಿನ ಬುಟ್ಟಿ ಹಿಡಿದು ಬೇಲಿಯ ಹತ್ತಿರ ನಿಂತು, “ನಿಮ್ಮ ಮೇಲಿನ ಲೈಟು ಈಗ ಕಾಣುದೇ ಇಲ್ಲ ಅಲ್ವಾ? ನೀವು ಪುನಃ ಬೆಂಗಳೂರಿಗೆ ಹೋದ್ರೇನೋ ಅಂತ ಎಣಿಸಿದೆ” ಎಂದರು. ಇಲ್ಲೇ ಇದ್ದೇನೆ ಬಾಯಮ್ಮ ಎಂದೆ. ಮಧ್ಯಾಹ್ನ ಊಟವಾದ ಮೇಲೆ ಅದನ್ನು ಆ ಕಾಲಮ್ಮಿನಲ್ಲಿ ಬರೆಸಿದೆ.